ಬೆರಳುದ್ದದ ಗೆಣಸು

ಜಿಗಣಿ, ಭಾನುವಾರ

ಅತ್ತೆಯವರಿಗೆ ಸವಿತಾ ಮಾಡುವ ಶರಣು.

ನಿಮ್ಮ ಮೊಮ್ಮಗ ಇಂದು ತನ್ನ ಕೈಯಿಂದಲೇ ಗೆಣಸು ತಿಂದ. ಒತ್ತಿದರೆ ಕರಗುವಷ್ಟು ಬೇಯಿಸಿ, ಬೆರಳುದ್ದ ಸೀಳಿ, ಅವನನ್ನು ನೆಟ್ಟಗೆ ಕೂರಿಸಿ ಮುಂದಿಟ್ಟೆ. ಮನೆ ಓನರ್ ಪಿಳ್ಳಮ್ಮ, “ನೀನು ತುರುಕ್ಬೇಡ, ನೋಡ್ತಾ ಕೂತ್ಕೋ, ಅವ್ನೇ ತಿಂತಾನೆ” ಎಂದರು. ಒಮ್ಮೆ ಕೆಮ್ಮಿದ. ನಾನು ಎತ್ತಿಕೊಳ್ಳಲು ಬಾಗಿದೆ. ಅಷ್ಟರಲ್ಲಿ ತುಂಡನ್ನು ತಾನೇ ಹೊರದಬ್ಬಿ, ಮತ್ತೆ ಬಾಯಿಗಿಟ್ಟುಕೊಂಡು ನಕ್ಕ. ಇಡೀ ವಠಾರ ಚಪ್ಪಾಳೆ ತಟ್ಟಿತು.

ಹಲ್ಲು ಬರಲೆಂದು ನೀವು ಕೊಟ್ಟ ಖಡಕ್ ರೊಟ್ಟಿ ಅವನ ಗಂಟಲಲ್ಲಿ ಸಿಕ್ಕಿದಾಗ ನಾನಾಡಿದ ಮಾತಿಗೆ ನೀವು ಊರಿಗೆ ಹೊರಟುಹೋದಿರಿ. ನಾನೂ ಅದನ್ನೇ ಕಡಿದು ಬೆಳೆದವಳು ಎಂಬುದನ್ನು ಆಗ ಮರೆತಿದ್ದೆ.

ಊರಿನ ಗೆಣಸು ಕಟ್ಟಿಕೊಂಡು ಬನ್ನಿ. ಒಂದನೇ ತಾರೀಖಿನಿಂದ ನನಗೆ ಫ್ಯಾಕ್ಟರಿ ಇದೆ. ಅವನ ಮುಂದೆ ತಟ್ಟೆ ಇಡುವವರು ನೀವೇ.

ನಿಮ್ಮ ಸೊಸೆ,
ಸವಿತಾ