ಓರಿನ್ ತಂದ ಅಳಿಲುಗಳು

ಅಕ್ಟೋಬರ್ 14, ಶನಿವಾರ

ತಮ್ಮ ಓರಿನ್ ಹಿಕರಿ ಮರದಡಿ ನಾಲ್ಕು ಅಳಿಲು ಹೊಡೆದ, ನಾಲ್ಕಕ್ಕೂ ತಲೆಗೇ ಗುಂಡು. ನಾನು ಹೊಡೆದ ಎರಡರ ತೊಡೆಯ ಮಾಂಸವೆಲ್ಲ ಚಿಂದಿಯಾಗಿತ್ತು. ಅಮ್ಮ ಅವನ್ನು ನಾಯಿಯ ತಟ್ಟೆಗೆ ಹಾಕಿ ನನಗೆಂದಳು:

"ನಿನ್ನ ಪಿಸ್ತೂಲಿಗೊಂದು ದುರ್ಬೀನೂ ಹಾಕಿಸ್ಬೇಕಿತ್ತೇನೋ ವರ್ಲಿನ್. ಗ್ರೇವಿಗೆ ತಮ್ಮ ತಂದಿದ್ದು ಸಾಕು ಬಿಡು."

ಬೇಸಿಗೆಯಿಡೀ ಬಂದೂಕಿನ ಪುಸ್ತಕ ಓದಿ, ಉದ್ದ ನಳಿಗೆಯ .22 ಪಿಸ್ತೂಲು ಆರಿಸಿ, ಹಗುರವಾದ ಟ್ರಿಗರ್, ಕೆಂಪು ಚುಕ್ಕೆಯ ಗುರಿಗಾಜು ಹಾಕಿಸಿದವನು ನಾನು. ಓರಿನ್‌ನದು ಅಪ್ಪ ಬಿಟ್ಟುಹೋದ ಹಳೇ ಪಿಸ್ತೂಲು. ಗುಟ್ಟು ಅದರಲ್ಲೇ ಇರಬೇಕೆಂದು, ಒಮ್ಮೆ ಕೊಡು ಎಂದೆ.

"ನೀನೇ ಇಟ್ಕೊಳ್ಳಣ್ಣ, ನಿಂದು ನಂಗಿರಲಿ," ಎಂದು ನಕ್ಕ.

ಅವನದರ ಟ್ರಿಗರ್ ಕಲ್ಲಿನಂತೆ ಬಿಗಿ. ನಳಿಗೆಯ ತುದಿಯ ಗುರಿಕಣ್ಣು ಎಡಕ್ಕೆ ವಾಲಿದೆ. ಅದು ನನ್ನದಕ್ಕಿಂತ ಒಳ್ಳೆಯದಾಗಿದ್ದಿದ್ದರೆ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ.