ಕೇರಿ ಸುಮ್ಮನಾದರೆ ನಮಗೊಂದು ರನ್

ಇಮ್‌ದೊಂಗ್, ಗ್ವಾಂಗ್‌ಜು
ಸೆಪ್ಟೆಂಬರ್ ೨೧

ಪ್ರೀತಿಯ ಅಣ್ಣಾ,

ನಿನ್ನ ಸೊಂಟನೋವು ಹೇಗಿದೆ? ಅತ್ತಿಗೆ ಬಿಸಿ ಉಪ್ಪಿನ ಶಾಖ ಕೊಡುವಾಗ ಸುಮ್ಮನೆ ಮಲಗಿರುತ್ತೀಯೋ, ಇಲ್ಲಾ ಐದು ನಿಮಿಷಕ್ಕೇ ಎದ್ದು ರೇಡಿಯೊ ಹತ್ತಿರ ಓಡುತ್ತೀಯೋ? ಎರಡನೆಯದೇ ಇರಬೇಕು, ನಿನ್ನನ್ನು ನಾನು ಕಾಣೆನೇ. ನಾನು ಚೆನ್ನಾಗಿದ್ದೇನೆ. ಅತ್ತೆಯವರೂ ಗಟ್ಟಿಮುಟ್ಟಾಗಿದ್ದಾರೆ, ಕಿವಿಯೊಂದು ಬಿಟ್ಟು. ನಿನ್ನ ಪತ್ರ ಶುಕ್ರವಾರ ಕೈಸೇರಿತು. ದೇಗುನಲ್ಲಿ ನಿನ್ನ ಅಂಗಡಿ ಹಿಂದಿನ ಕೋಣೆಯ ಗೋಡೆಗೆ ನನಗಾಗಿ ಹೊಸ ಕಾಗದ ಅಂಟಿಸಿದ್ದು, ನೆಲ ಬೆಚ್ಚಗಾಗುವಂತೆ ಒಲೆ ರಿಪೇರಿ ಮಾಡಿಸಿದ್ದು, ಮೂರನೇ ತಾರೀಖಿಗೆ ಲಾರಿ ಗೊತ್ತು ಮಾಡಿದ್ದು, ಎಲ್ಲವನ್ನೂ ಎರಡೆರಡು ಸಲ ಓದಿದೆ. ಗಂಡ ಹೋಗಿ ಎರಡು ವರ್ಷವಾಯಿತು, ಮಕ್ಕಳಿಲ್ಲ, ಆ ಹುಲಿಗಳ ಊರಲ್ಲಿ ನಿನಗಿನ್ನೇನಿದೆ ಅಂತ ಕೇಳಿದ್ದೀಯ. ಇವರು ಹೋದ ದಿನವೂ ನೀನು ಬರಲಿಲ್ಲ, ತಂತಿ ಕಳಿಸಿದೆ. ಅದನ್ನು ಈಗ ಎತ್ತಬಾರದು ಅಂದುಕೊಂಡಿದ್ದೆ, ಎತ್ತಿಬಿಟ್ಟೆ. ಹೋಗಲಿ ಬಿಡು.

ಹುಲಿಗಳ ಊರಲ್ಲಿ ಕೂತು ನಮ್ಮ ದೇಗು ಸಿಂಹಗಳ ಬೇಸ್‌ಬಾಲ್ ಆಟ ಹೇಗೆ ನೋಡುತ್ತೀಯ ಅಂತ ನೀನು ಹಿಂದೊಮ್ಮೆ ಕೇಳಿದ್ದೆ, ನಾನು ಉತ್ತರಿಸಲೇ ಇಲ್ಲ. ಈಗ ಹೇಳುತ್ತೇನೆ. ನಮ್ಮ ಮನೆಗೂ ಮೈದಾನಕ್ಕೂ ನಡುವೆ ಇರುವುದು ಒಂದು ಓಣಿ, ಒಂದು ಗೋಡೆ. ಹೈತಾಯ್ ಹುಲಿಗಳು ಒಂದು ರನ್ ಮಾಡಿದರೆ ಸಾಕು, ಆ ಗೋಡೆಯಾಚೆಯ ಗದ್ದಲಕ್ಕೆ ನಮ್ಮ ಹಿತ್ತಲಿನ ಉಪ್ಪಿನಕಾಯಿ ಜಾಡಿಗಳ ಮುಚ್ಚಳಗಳು ಅದುರುತ್ತವೆ. ನಮ್ಮ ಸ್ಯಾಮ್‌ಸಂಗ್ ಸಿಂಹಗಳು ರನ್ ಮಾಡಿದರೆ ಏನೂ ಕೇಳಿಸುವುದಿಲ್ಲ. ಮೈದಾನ ಸುಮ್ಮನಾಗುತ್ತದೆ, ಕೇರಿ ಸುಮ್ಮನಾಗುತ್ತದೆ, ಆಗ ನನಗೆ ಗೊತ್ತಾಗುತ್ತದೆ. ಪಂದ್ಯಾವಳಿ ಶುರುವಾಗಿ ಹನ್ನೊಂದು ವರ್ಷ. ಅಷ್ಟೂ ವರ್ಷ ನನ್ನ ಸಂತೋಷವೆಲ್ಲ ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗಿದೆ. ಇವರಿಗೆ ಮಾತ್ರ ತಿಳಿದಿತ್ತು. ನಮ್ಮವರು ಗೆದ್ದ ದಿನ ಇವರು ಮುಖ ಗಂಟಿಕ್ಕಿಕೊಂಡೇ ಬಂದು, ಒಂದು ಪೊಟ್ಟಣ ಸುಟ್ಟ ಚೆಸ್ಟ್‌ನಟ್ ನನ್ನ ಮಡಿಲಿಗೆ ಹಾಕಿ ಒಳಗೆ ಹೋಗುತ್ತಿದ್ದರು. ಈಗ ಗೆದ್ದರೂ ಸೋತರೂ ಯಾರೂ ಏನೂ ತರುವುದಿಲ್ಲ, ಅಣ್ಣಾ.

ಹುಲಿಗಳನ್ನು ದ್ವೇಷಿಸುತ್ತೀಯಾ ಅಂದರೆ, ಮೊದಮೊದಲು ಹೊಟ್ಟೆ ಉರಿಯುತ್ತಿತ್ತು. ಆಮೇಲೆ ಅವರ ಆಟಗಾರರ ಮೊಣಕೈ ನೋವು, ಅವರ ತಾಯಂದಿರ ಹರಕೆ, ಎಲ್ಲವೂ ಇಲ್ಲಿ ನಮ್ಮ ಮನೆ ಸುದ್ದಿಯೇ ಆಗಿಹೋಯಿತು. ಹೆಸರು ಹೆಸರಾಗಿ ಗೊತ್ತಿರುವವರನ್ನು ದ್ವೇಷಿಸುವುದು ಕಷ್ಟ. ಹಾಗಂತ ಅವರ ಪರ ಕೂಗಲು ಬಾಯಿ ಬರುವುದಿಲ್ಲ. ಎರಡು ಮನೆಯ ಊಟಕ್ಕೂ ಕರೆ ಬಾರದವಳ ಹಾಗೆ ಹೊಸ್ತಿಲಲ್ಲಿ ಕೂತಿದ್ದೇನೆ.

ಅತ್ತೆಯವರ ಕಿವಿ ಮೂರು ವರ್ಷದಿಂದ ಮಂದ, ಈಗ ಪೂರ್ತಿ ಹೋಗಿದೆ. ಇದು ನನಗೊಬ್ಬಳಿಗೇ ಗೊತ್ತು. ಸಿಯೋಲ್‌ನಲ್ಲಿರುವ ಅವರ ಹಿರಿಯ ಮಗ, ಅಮ್ಮನ ಕಿವಿ ಹೋಯಿತು ಅಂದರೆ ಮೆಣಸಿನಕಾಯಿ ಅಂಗಡಿ ಮುಚ್ಚಿಸಿ ತನ್ನ ಒಂಬತ್ತನೇ ಮಹಡಿಗೆ ಕರೆದೊಯ್ಯುತ್ತೇನೆ ಅಂತ ಆಗಲೇ ಹೇಳಿದ್ದಾನೆ. ಆ ಮಹಡಿಯಲ್ಲಿ ಅವರು ಒಂದು ಚಳಿಗಾಲ ಕಳೆಯಲಾರರು. ಅದಕ್ಕೇ ಅಂಗಡಿಯಲ್ಲಿ ಗಿರಾಕಿ ಏನಾದರೂ ಕೇಳಿದರೆ ನಾನು ಅದನ್ನೇ ಅವರ ಮುಖದ ಮುಂದೆ ಮತ್ತೊಮ್ಮೆ ಹೇಳುತ್ತೇನೆ, ತುಟಿ ನೋಡಿ ಅವರು ಉತ್ತರಿಸುತ್ತಾರೆ. ಪಂದ್ಯದ ದಿನ ಮಾತ್ರ ನನ್ನ ಸಹಾಯವೇ ಬೇಡ. ಕೇರಿಯ ಹೆಂಗಸರೆಲ್ಲ ನಮ್ಮ ಅಂಗಳದಲ್ಲಿ ಕೂತು ಒಣಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ರೇಡಿಯೊ ಕೇಳುತ್ತಾರೆ, ಅತ್ತೆಯವರು ಎಲ್ಲರಿಗಿಂತ ಮೊದಲು ಎದ್ದು ಚಪ್ಪಾಳೆ ತಟ್ಟುತ್ತಾರೆ. ಮುದುಕಿಯ ಕಿವಿ ಎಷ್ಟು ಚುರುಕು ಅಂತ ಎಲ್ಲರೂ ಹೊಗಳುತ್ತಾರೆ. ಹೇಗೆ ಇದು ಅಂತ ನನಗೂ ಬಗೆಹರಿದಿರಲಿಲ್ಲ. ಮೊನ್ನೆ ಭಾನುವಾರ ತಿಳಿಯಿತು.

ಅವತ್ತು ಮಧ್ಯಾಹ್ನ ನಮ್ಮವರದೇ ಪಂದ್ಯ. ರೇಡಿಯೊ ನನ್ನ ಪಕ್ಕ ಗೊರಗೊರ ಅನ್ನುತ್ತಿತ್ತು, ಅತ್ತೆಯವರು ದೂರದಲ್ಲಿ ತಕ್ಕಡಿ ಹತ್ತಿರ ಕೂತಿದ್ದರು. ನನ್ನ ಏಪ್ರನ್ನಿನ ಜೇಬಲ್ಲಿ ನಿನ್ನ ಪತ್ರ. ನಾನು ಆಟ ಕೇಳುತ್ತಿರಲಿಲ್ಲ. ಲಾರಿಗೆ ಏನೇನು ಹಾಕಬೇಕು ಅಂತ ಲೆಕ್ಕ ಹಾಕುತ್ತಿದ್ದೆ. ಹೊಲಿಗೆ ಯಂತ್ರ, ಎರಡು ಹಾಸಿಗೆ, ಇವರ ಫೋಟೋ. ಅಷ್ಟಕ್ಕೇ ಮುಗಿಯಿತು. ಹದಿನೆಂಟು ವರ್ಷದ ಸಂಸಾರ ಲಾರಿಯ ಒಂದು ಮೂಲೆಗೂ ಸಾಲದು ಅನಿಸಿ ಅಳು ಬಂತು. ಅದೇ ಹೊತ್ತಿಗೆ ನಮ್ಮವರೊಬ್ಬ ಹೋಮ್ ರನ್ ಹೊಡೆದ. ಮೈದಾನ ಸುಮ್ಮನಾಯಿತು, ಅಂಗಳ ಸುಮ್ಮನಾಯಿತು. ಆ ನಿಶ್ಶಬ್ದದಲ್ಲಿ ಅತ್ತೆಯವರೊಬ್ಬರೇ ಎದ್ದು ನಿಂತು, ಎರಡೂ ಕೈ ಎತ್ತಿ, ಬಾಯ್ತುಂಬ ಜಯಕಾರ ಹಾಕಿದರು.

ಗೊತ್ತಾಯಿತಾ ಅಣ್ಣಾ? ಅವರು ಓದುತ್ತಿದ್ದುದು ನನ್ನ ಮುಖವನ್ನು. ನನ್ನ ಮುಖ ಬಾಡಿದರೆ ಹುಲಿಗಳಿಗೆ ರನ್, ನನ್ನ ಮುಖ ಅರಳಿದರೆ ಹುಲಿಗಳಿಗೆ ಪೆಟ್ಟು. ಮೂರು ವರ್ಷದಲ್ಲಿ ಒಮ್ಮೆಯೂ ತಪ್ಪಾಗಿರಲಿಲ್ಲ.

ಪಕ್ಕದ ಮನೆಯ ನಾಜು ಅಕ್ಕ ಮೆಣಸಿನಕಾಯಿ ಕೆಳಗಿಟ್ಟು, "ದೊಡ್ಡಮ್ಮಾ, ಹೊಡ್ದಿದ್ದು ಅವ್ರು ಕಣ್ರೀ. ನಿಮ್ಗೆ ಕೇಳಿಸ್ಲಿಲ್ವಾ?" ಅಂದಳು. ಇವಳ ಮಗಳೂ ಸಿಯೋಲ್ ಮಗನ ಹೆಂಡತಿಯೂ ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಾರೆ. ಅತ್ತೆಯವರು ಎತ್ತಿದ ಕೈ ಇಳಿಸದೆ ನನ್ನ ಕಡೆ ನೋಡಿದರು. ಅಷ್ಟು ಹೆದರಿದ ಮುಖ ನಾನು ಇವರು ಹೋದ ದಿನವೂ ನೋಡಿರಲಿಲ್ಲ.

ನಾನು ಎದ್ದೆ. "ಅವ್ರ ಕಿವಿಗೇನೂ ಆಗಿಲ್ಲ. ರೇಡಿಯೊ ಗೊರಗೊರ ಅಂತಿತ್ತು, ಏನಾಯ್ತು ಅಂತ ನನ್ನ ಕೇಳಿದ್ರು. ಹುಲಿಗಳೇ ಹೊಡೆದ್ರು ಅಂತ ಸುಳ್ಳು ಸನ್ನೆ ಮಾಡ್ದೆ, ಬೇಕು ಅಂತ್ಲೇ. ನಾನು ಸಿಂಹಗಳ ಕಡೆಯೋಳು, ಮೊದ್ಲಿಂದ್ಲೂ."

ಮಾತೆಲ್ಲ ಅಚ್ಚ ದೇಗು ಮಾತಾಗಿ ಬಂದುಬಿಟ್ಟಿತು, ಹದಿನೆಂಟು ವರ್ಷ ಮಡಿಸಿಟ್ಟ ಬಟ್ಟೆ ಬಿಚ್ಚಿದ ಹಾಗೆ. ಆದರೆ ರಾಗ ಮಾತ್ರ ಗ್ವಾಂಗ್‌ಜುದ್ದು. ನೀನು ಕೇಳಿದ್ದರೆ ನಕ್ಕಿರುತ್ತಿದ್ದೆ. ಇಲ್ಲಿ ಯಾರೂ ನಗಲಿಲ್ಲ. "ಹನ್ನೊಂದು ವರ್ಷ ನಮ್ ಪಕ್ಕದಲ್ಲೇ ಕೂತು, ನಾವು ಸೋತಾಗೆಲ್ಲ ಒಳಗೊಳಗೇ ನಗ್ತಿದ್ಯಾ ದೇಗುನೋಳೇ?" ಅಂತ ನಾಜು ಅಕ್ಕ ಕೇಳಿದಳು. ಹೌದು ಅಂದೆ. ಇನ್ನೇನು ಹೇಳಲಿ? ಅವಳು ಬುಟ್ಟಿ ಎತ್ತಿಕೊಂಡು ಹೋದಳು, ಹಿಂದೆಯೇ ಮಿಕ್ಕವರು. ಇವರು ತೀರಿಕೊಂಡಾಗ ಹತ್ತು ದಿನ ನನಗೆ ಗಂಜಿ ಮಾಡಿ ತಂದವಳು ಅವಳೇ. ಎರಡು ದಿನವಾಯಿತು, ಅಂಗಳಕ್ಕೆ ಒಂದು ನರಪಿಳ್ಳೆಯೂ ಬಂದಿಲ್ಲ. ತೋಫು ಮಾರುವವಳೂ ಬಾಗಿಲಲ್ಲೇ ಇಟ್ಟು ಹೋಗುತ್ತಾಳೆ. ಮೆಣಸಿನಕಾಯಿ ರಾಶಿ ಹಾಗೇ ಬಿದ್ದಿದೆ, ಅತ್ತೆ ಸೊಸೆ ಇಬ್ಬರೇ ಬಿಡಿಸುತ್ತಿದ್ದೇವೆ.

ಅತ್ತೆಯವರು ಬೈಯಲಿಲ್ಲ. ಅವತ್ತು ಸಂಜೆ ಕೈ ತೊಳೆಯುತ್ತಾ, "ಮೊದಲ್ನೇ ವರ್ಷವೇ ನಂಗೆ ಗೊತ್ತಿತ್ತು. ನಮ್ಮೋರು ಸೋತ ದಿನ ಅನ್ನ ಬಡಿಸೋಕೆ ನಿನ್ನ ಕೈ ಬಲು ಧಾರಾಳ" ಅಂದರು. ಅಷ್ಟೇ.

ಹನ್ನೊಂದು ವರ್ಷ ನಾನು ಕನಸು ಕಂಡದ್ದು ಒಂದೇ: ದೇಗುನಲ್ಲಿ ನಿನ್ನ ಪಕ್ಕ ಕೂತು ಗಂಟಲು ಹರಿಯುವಂತೆ ಕೂಗಬೇಕು. ಆ ಕೋಣೆಯ ಕಾಗದ ಯಾವ ಬಣ್ಣದ್ದು ಅಂತ ನೀನು ಬರೆಯಲಿಲ್ಲ. ನಮ್ಮ ಸಿಂಹಗಳ ನೀಲಿಯೇ ಇರಬೇಕು.

ಅತ್ತಿಗೆಗೆ ನನ್ನ ನಮಸ್ಕಾರ. ಮಕ್ಕಳು ಚೆನ್ನಾಗಿ ಉಂಡು ಚೆನ್ನಾಗಿ ಓದಲಿ. ನೀನು ಸೊಂಟ ನೋಡಿಕೋ, ರೇಡಿಯೊ ಎಲ್ಲೂ ಓಡಿಹೋಗುವುದಿಲ್ಲ.

ನಿನ್ನ ತಂಗಿ,
ಮಲ್‌ಸುನ್

ಮರೆತಿದ್ದೆ: ಇವತ್ತು ಬೆಳಿಗ್ಗೆ ಅತ್ತೆಯವರು, "ಹೊಡ್ದೋನು ನಿಮ್ಮೋನೇ ತಾನೆ, ಮತ್ಯಾಕೆ ಅಳ್ತಿದ್ದೆ?" ಅಂತ ಕೇಳಿದರು. ಮೆಣಸಿನಕಾಯಿ ಘಾಟು ಅಂದೆ. ಅವರು ನಂಬಲಿಲ್ಲ, ನನ್ನ ಮುಖವನ್ನೇ ನೋಡುತ್ತಾ ಕೂತರು. ಅಣ್ಣಾ, ಲಾರಿಯವನಿಗೆ ಬೇಡ ಅಂತ ಹೇಳಿಬಿಡು. ಶನಿವಾರ ಮತ್ತೆ ನಮ್ಮವರ ಪಂದ್ಯ ಇಲ್ಲೇ ಇದೆ. ಹದಿನೆಂಟು ವರ್ಷದಲ್ಲಿ ನೀನು ಈ ಊರಿಗೆ ಒಂದು ಸಲವೂ ಬಂದಿಲ್ಲ. ಸೊಂಟಕ್ಕೆ ಬಸ್ಸು ಆಗುವುದಾದರೆ ಬಾ. ಕೇರಿ ಸುಮ್ಮನಾದಾಗ ಕೂಗಲು ನನ್ನ ಜೊತೆ ಇನ್ನೊಬ್ಬರು ಬೇಕು.