ಟೈಲರನ ಸೊಂಟದ ಅಳತೆ

ಸೋಮವಾರ, ಜೂನ್ 3

ಇವತ್ತೂ ಹೋಗಲಿಲ್ಲ. ಅಲಾರಂ ಬಡಿಯಿತು, ಕೈಚಾಚಿ ಆರಿಸಿದೆ. ಇಟ್ಟವನೂ ನಾನೇ, ಬಾಯಿ ಮುಚ್ಚಿಸಿದವನೂ ನಾನೇ. ಸೋಮವಾರದಿಂದ ವಾಕಿಂಗ್ ಶುರು ಅಂತ ಶನಿವಾರ ಘೋಷಣೆಯಾಗಿತ್ತು. "ಯಾವ ಸೋಮವಾರ ಅಂತ ಸರಿಯಾಗಿ ಹೇಳ್ಬಿಡ್ರೀ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕ್ತೀನಿ" ಅಂದಿದ್ದಳು ಇವಳು. ಹೆಂಡತಿ ತಮಾಷೆ ಮಾಡಿದರೆ ಗಂಡ ನಗಬೇಕು. ನಕ್ಕಿದ್ದೆ.

ಅಂಗಡಿಯಲ್ಲಿ ಮೊದಲ ಗಿರಾಕಿ ಬ್ಯಾಂಕಿನವರು. ಪ್ಯಾಂಟು ಬಿಗಿಯಂತೆ. "ಸ್ವಲ್ಪ ಬಿಟ್ಕೊಡಿ ಮಾಸ್ಟ್ರೇ, ತೊಳೆದೂ ತೊಳೆದೂ ಬಟ್ಟೆ ಕುಗ್ಗಿದೆ." ಬಟ್ಟೆ ಕುಗ್ಗಿಲ್ಲ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಒಳಮಗ್ಗುಲು ತಿರುಗಿಸಿದೆ. ನಾನೇ ಹೊಲಿದ ಪ್ಯಾಂಟು. ಹಿಂದಿನ ಹೊಲಿಗೆಯಲ್ಲಿ ಬೇಕಾದಷ್ಟು ಬಟ್ಟೆ ಬಿಟ್ಟಿದ್ದೆ. ಬಿಚ್ಚಿದೆ, ಅಂಚಿನ ಕಡೆಗೆ ಇನ್ನೊಂದು ಹೊಲಿಗೆ ಓಡಿಸಿದೆ, ಇಸ್ತ್ರಿ ತೀಡಿ ಕೊಟ್ಟೆ. ಖುಷಿಯಾಗಿ ಹೋದರು.

ಊರವರ ಸೊಂಟಕ್ಕೆಲ್ಲ ನನ್ನ ಹತ್ತಿರ ಉಪಾಯವಿದೆ.

ಬುಧವಾರ, ಜೂನ್ 5

ಕಬೋರ್ಡಿನಲ್ಲಿ ಪ್ಯಾಂಟುಗಳ ಸಾಲೇ ಇದೆ. ಸೊಂಟಕ್ಕೆ ಬರುವುದು ಎರಡು. ಅದರಲ್ಲಿ ಒಂದಕ್ಕೆ ಎಲಾಸ್ಟಿಕ್. ನಾನೇ ಕದ್ದು ಹಾಕಿದ್ದು, ಮೇಲೆ ಶರ್ಟು ಬಿಟ್ಟರೆ ಕಾಣದು.

ಮಿಕ್ಕವನ್ನು ಬಿಚ್ಚಿ ಸಡಿಲ ಮಾಡಿಕೊಳ್ಳಬಾರದೇ? ಟೈಲರಪ್ಪನಿಗೆ ಅಷ್ಟು ಗೊತ್ತಿಲ್ಲವೇ? ಗೊತ್ತು. ಒಳಗೆ ಬಟ್ಟೆಯಿಲ್ಲ. ಎರಡು ವರ್ಷದ ಹಿಂದೆ ಇಪ್ಪತ್ತು ಕೆಜಿ ಇಳಿಸಿದಾಗ ಒಂದು ಭಾನುವಾರ ಕೂತು ಎಲ್ಲ ಪ್ಯಾಂಟುಗಳನ್ನೂ ಬಿಗಿ ಮಾಡಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಸಾಕಿತ್ತು. ಒಳಗಿನ ಮಡಿಕೆ ದಪ್ಪ ಕಾಣುತ್ತದೆ, ಫಿಟಿಂಗ್ ಕೂರುವುದಿಲ್ಲ ಅಂತ ಉಳಿದ ಬಟ್ಟೆಯನ್ನೆಲ್ಲ ಕತ್ತರಿಸಿ ಬಿಸಾಡಿದೆ. ಇವಳು ನೋಡುತ್ತಿದ್ದಳು. "ರೀ, ಇರ್ಲಿ ಬಿಡ್ರೀ" ಅಂದಳು. "ಯಾಕೆ? ಮತ್ತೆ ಬೇಕಾಗುತ್ತಾ?" ಅಂತ ಎದೆ ಸೆಟೆಸಿ ಕೇಳಿದ್ದೆ. ಆಗ ಸೆಟೆಸಲು ಎದೆ ಬೇರೆ, ಹೊಟ್ಟೆ ಬೇರೆ ಇದ್ದವು.

ಕೆಲಸ ಕಲಿಯುವ ಹುಡುಗರೂ ಮಾಡದ ತಪ್ಪು. ಮಾಡಿದ್ದುಣ್ಣೋ ಮಹಾರಾಯ.

ಶುಕ್ರವಾರ, ಜೂನ್ 7

ಅಕ್ಕನ ಫೋನು. ವಿಡಿಯೊ ಕಾಲ್. ಎತ್ತುವ ಮೊದಲೇ ಫೋನನ್ನು ಹಣೆಯ ಮಟ್ಟಕ್ಕೆತ್ತಿ ಮೇಲಕ್ಕೆ ವಾಲಿಸಿದೆ, ವರ್ಷದಿಂದ ಅದೇ ಅಭ್ಯಾಸ.

"ಯಾಕೋ, ಯಾವಾಗ್ ಮಾಡಿದ್ರೂ ಬರೀ ಹಣೆ, ಫ್ಯಾನು ಕಾಣುತ್ತೆ?"

"ನೆಟ್‌ವರ್ಕ್ ಅಕ್ಕ."

"ನೆಟ್‌ವರ್ಕಿಗೂ ನಿನ್ನ ಗಲ್ಲಕ್ಕೂ ಏನೋ ಸಂಬಂಧ?"

ಆಮೇಲೆ ವಿಷಯಕ್ಕೆ ಬಂದಳು. ಎರಡೂ ಮಂಡಿ ಸವೆದಿವೆ, ಆಪರೇಷನ್ ಮಾಡಬೇಕು. ಆದರೆ ಈಗಿನ ತೂಕದಲ್ಲಿ ಮಾಡಲ್ಲ, ಇಳಿಸಿಕೊಂಡು ಬನ್ನಿ ಅಂದಿದ್ದಾರೆ ಡಾಕ್ಟರು. ಊಟ ಕಮ್ಮಿ, ಸಮನೆಲದಲ್ಲಿ ಆದಷ್ಟು ನಡಿಗೆ. ಅಕ್ಕ ಅಲ್ಲಿ ಒಬ್ಬಳೇ ಎರಡು ತಿಂಗಳು ಪ್ರಯತ್ನಿಸಿದಳಂತೆ, ಆಗಲಿಲ್ಲವಂತೆ.

"ನಿನ್ನ ಹತ್ರ ಬಂದ್ಬಿಡ್ತೀನಿ ಕಣೋ. ನೀನ್ ಹೇಗ್ ಮಾಡ್ದೆ, ನಂಗೂ ಹಾಗೇ ಮಾಡ್ಸು. ಡಾಕ್ಟರಿಗೂ ಹೇಳಿದೀನಿ, ನನ್ ತಮ್ಮ ಇಪ್ಪತ್ತು ಕೆಜಿ ಇಳ್ಸಿದಾನೆ, ಅವನ ಹತ್ರಾನೇ ಹೋಗ್ತೀನಿ ಅಂತ."

"ಬಾ" ಅಂದೆ. ಇನ್ನೇನು ಅನ್ನಲಿ? ಅಪ್ಪ ಹೋದಾಗ ಅವಳಿಗೆ ಹತ್ತೊಂಬತ್ತು, ನನಗೆ ಎಂಟು. ಅವಳ ಹೊಲಿಗೆ ಮಿಷನ್ನು ಓಡಿದರೆ ಮನೆಯಲ್ಲಿ ಒಲೆ ಉರಿಯುತ್ತಿತ್ತು. ನನಗೆ ಕತ್ತರಿ ಹಿಡಿಯಲು ಕಲಿಸಿದವಳು. ಅವಳು ಜೀವನದಲ್ಲಿ ಮೊದಲ ಸಲ ನನ್ನನ್ನು ಏನನ್ನೋ ಕೇಳಿದ್ದಾಳೆ. ಕೇಳಿದ್ದು ನನ್ನ ಹತ್ತಿರ ಈಗ ಇಲ್ಲದ್ದನ್ನು.

ಎರಡು ವಾರದಲ್ಲಿ ಬರುತ್ತಾಳೆ.

ಭಾನುವಾರ, ಜೂನ್ 9

ಇವಳ ತೀರ್ಪು — "ನಿಜ ಹೇಳ್ಬಿಡ್ರೀ. ತೂಕ ತಾನೇ, ಕಳ್ಳತನ ಮಾಡಿದೀರಾ?"

ಇಲ್ಲ. ಆದರೆ ಮುಖ ಮಾತ್ರ ಕಳ್ಳನ ಹಾಗೇ ಆಗಿದೆ. ಎರಡು ವಾರದಲ್ಲಿ ಕಮ್ಮಿಯೆಂದರೂ ಕೆನ್ನೆ ಇಳಿಸಬಹುದು. ನಾಳೆಯಿಂದ. ಸಕ್ಕರೆ ಬಂದ್, ಬೇಕರಿ ಬಂದ್, ರಾತ್ರಿ ಊಟ ಅರ್ಧ. ಶೂ ಮಂಚದ ಪಕ್ಕದಲ್ಲೇ ಇಟ್ಟಿದ್ದೇನೆ.

ಸೋಮವಾರ, ಜೂನ್ 10

ಹೋದೆ!

ಮೈದಾನದಲ್ಲಿ ವಾಚ್ ರಿಪೇರಿಯವರು ಸಿಕ್ಕರು. ಹಿಂದೆ ದಿನವೂ ಜೊತೆಗೆ ನಡೆಯುತ್ತಿದ್ದೆವು. "ಓಹೋ ಮಾಸ್ಟ್ರು! ಯಾವಾಗ್ ಬಂದ್ರಿ ಊರಿಗೆ?" ಅಂದರು. ಅವರ ಅಂಗಡಿ ನನ್ನ ಅಂಗಡಿಯ ಎದುರಿಗೇ ಇದೆ. ಅರ್ಧ ಸುತ್ತಿಗೆ ಏದುಸಿರು. ಅವರು ನನಗಾಗಿ ನಿಧಾನ ಮಾಡಿದರು. ಮೊದಲು ಅವರನ್ನು ನಾನು ಕಾಯುತ್ತಿದ್ದೆ.

ಆದರೂ ಹೋದೆ. ಅದು ದೊಡ್ಡದು.

ಮಂಗಳವಾರ, ಜೂನ್ 11

ಹೋದೆ. ಮೀನಖಂಡ ಹಿಡಿದುಕೊಂಡಿದೆ.

ಬುಧವಾರ, ಜೂನ್ 12

ಹೋಗಲಿಲ್ಲ. ಕಾಲು ನೋವು. ನಿಜವಾದ ನೋವು, ನೆಪ ಅಲ್ಲ… ಸ್ವಲ್ಪ ನೆಪ.

ಶುಕ್ರವಾರ, ಜೂನ್ 14

ಬರೆಯಬಾರದು ಅಂದುಕೊಂಡೆ. ಬರೆದುಬಿಡುತ್ತೇನೆ. ಮಧ್ಯಾಹ್ನ ಬೇಕರಿಯವನು ಕೋಟಿನ ಗುಂಡಿ ಹಾಕಿಸಲು ಬಂದ, ಬರುವಾಗ ಬಿಸಿ ಬನ್ನು ತಂದ. "ಬೇಡಪ್ಪಾ, ಬಿಟ್ಟಿದೀನಿ" ಅಂದೆ. "ಮಾಸ್ಟ್ರೇ, ಹೋದ ತಿಂಗಳೂ ಬಿಟ್ಟಿದ್ರಿ" ಅಂತ ಮೇಜಿನ ಮೇಲಿಟ್ಟು ಹೋದ. ಎದುರಿಗೆ ವಾಚಿನವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದರು. ಅದರಲ್ಲಿ ವಾಚಿನ ಮುಳ್ಳು ಬಿಟ್ಟು ಬೇರೇನೂ ಕಾಣದು, ಗೊತ್ತು. ಆದರೂ ಬನ್ನು ತೆಗೆದುಕೊಂಡು ಟ್ರಯಲ್ ರೂಮಿಗೆ ಹೋಗಿ ಪರದೆ ಎಳೆದುಕೊಂಡೆ.

ಟ್ರಯಲ್ ರೂಮಿನಲ್ಲಿ ಆಳೆತ್ತರದ ಕನ್ನಡಿ ಇದೆ. ಹಾಕಿಸಿದವನು ನಾನೇ. ಮರೆತಿದ್ದೆ.

ಹಾಗೆಂದು ಅರ್ಧಕ್ಕೆ ಬಿಡಲಿಲ್ಲ. ಕನ್ನಡಿಗೆ ಬೆನ್ನು ಹಾಕಿ ಪೂರ್ತಿ ತಿಂದೆ.

ಶನಿವಾರ, ಜೂನ್ 22

ಒಂದು ವಾರ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ. ಎದ್ದೆ, ಹೊಲಿದೆ, ತಿಂದೆ, ಮಲಗಿದೆ. ಶೂಗಳ ಮೇಲೆ ಇವಳು ಒಗೆದ ಬಟ್ಟೆ ಬಂದು ಕೂತಿದೆ.

ಮೊದಲ ಸಲ ಇಳಿಸುವಾಗ ಇಷ್ಟು ಕಷ್ಟವಿರಲಿಲ್ಲ. ಆಗ ಗೊತ್ತಿರಲಿಲ್ಲ, ಗೊತ್ತಿಲ್ಲದವನಿಗೆ ಧೈರ್ಯ ಜಾಸ್ತಿ. ಈಗ ಪ್ರತಿ ಹೆಜ್ಜೆಗೂ ಗೊತ್ತು, ಇದೆಲ್ಲ ಮಾಡಿದರೂ ವಾಪಸ್ ಬರುತ್ತದೆ ಅಂತ. ಯಾಕೆ ಬಂತು ಅಂತ ಕೇಳುತ್ತಾರೆ. ಯಾರೂ ಸಾಯಲಿಲ್ಲ, ಯಾವ ಕಷ್ಟವೂ ಬರಲಿಲ್ಲ. ಶಾಲೆ ಯೂನಿಫಾರಂ ಸೀಸನ್ ಬಂತು, ಬೆಳಿಗ್ಗೆ ನಡಿಗೆ ತಪ್ಪಿತು. ಸೀಸನ್ ಮುಗಿಯಿತು, ನಡಿಗೆ ವಾಪಸ್ ಬರಲಿಲ್ಲ. ಅಷ್ಟೇ. ಅಳುವಷ್ಟು ದೊಡ್ಡ ಕಾರಣವಾದರೂ ಇರಬೇಕಿತ್ತು.

ನಾಚಿಕೆಯಾಗುತ್ತಿದೆ. ಸಾಕಾಗಿದೆ. ನಾಳೆ ಅಕ್ಕ ಬರುತ್ತಾಳೆ.

ಭಾನುವಾರ, ಜೂನ್ 23

ಬಸ್ ಸ್ಟ್ಯಾಂಡಿಗೆ ಕೋಟು ಹಾಕಿಕೊಂಡು ಹೋದೆ. ಈ ಸೆಕೆಯಲ್ಲೂ. ಅಕ್ಕ ಬಸ್ಸಿನ ಬಾಗಿಲ ಕಂಬಿ ಹಿಡಿದು ಇಳಿದು, ನನ್ನನ್ನು ದಾಟಿ ಹಿಂದೆ ನೋಡಿದಳು. ತಮ್ಮ ಎಲ್ಲಿ ಅಂತ. ಆಮೇಲೆ ನನ್ನನ್ನು ನೋಡಿದಳು.

"ಬೆವರ್ತಿದೀಯ, ಕೋಟು ಬಿಚ್ಚೋ" ಅಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ನಮ್ಮದು ಎರಡನೇ ಮಹಡಿ, ಲಿಫ್ಟಿಲ್ಲ. ನನ್ನ ಭುಜ ಹಿಡಿದು ಹತ್ತಿದಳು. ನಡುವೆ ನಿಂತಾಗ ಇಬ್ಬರ ಏದುಸಿರೂ ಒಂದೇ ಥರ ಕೇಳಿಸುತ್ತಿತ್ತು.

ಮಂಗಳವಾರ, ಜೂನ್ 25

ಅಕ್ಕ ಒಬ್ಬಳೇ ಅಂಗಡಿಗೆ ಬಂದಳು. "ಕರೆದಿದ್ರೆ ನಾನೇ ಬರ್ತಿದ್ದೆ" ಅಂದೆ. "ಬಂದೆನಲ್ಲ" ಅಂದಳು. ಸುತ್ತ ನೋಡಿದಳು, ಮಿಷನ್ನಿಗೆ ಎಣ್ಣೆ ಹಾಕಿ ಎಷ್ಟು ದಿನವಾಯಿತು ಅಂತ ಕೇಳಿದಳು. ಆಮೇಲೆ ನನ್ನ ಕೊರಳಿಂದ ಟೇಪು ಎಳೆದುಕೊಂಡಳು.

"ನಿಂತ್ಕೋ."

"ಬೇಡ ಅಕ್ಕ."

"ನಿಂತ್ಕೋ ಅಂದೆ."

ನಿಂತೆ. ಸೊಂಟಕ್ಕೆ ಟೇಪು ಸುತ್ತಿದಳು. ನನಗೇ ಗೊತ್ತಾಗದೆ ಹೊಟ್ಟೆ ಒಳಕ್ಕೆ ಹೋಯಿತು.

"ಉಸಿರು ಬಿಡೋ."

ಬಿಟ್ಟೆ. ಟೇಪು ಅವಳ ಬೆರಳಲ್ಲಿ ಸರಿಯಿತು. ಎಷ್ಟು ಅಂತ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಸಂಜೆ ಮನೆಯಲ್ಲಿ ಕಬೋರ್ಡು ತೆಗೆದಿದ್ದಾಳೆ. ಪ್ಯಾಂಟು ಒಂದೊಂದನ್ನೇ ತಿರುಗಿಸಿ ನೋಡಿದ್ದಾಳೆ, ಬಿಚ್ಚಿಕೊಡೋಣ ಅಂತ. ನಾನು ಬಂದಾಗ ಮಂಚದ ತುಂಬ ಒಳಮಗ್ಗುಲಾದ ಪ್ಯಾಂಟುಗಳು. ಅವಳ ಮುಖ ಕೆಂಪಗಿತ್ತು.

"ಒಳಗಿನ ಬಟ್ಟೆ ಎಲ್ಲೋ?"

"ಕತ್ತರಿಸ್ದೆ."

"ಇದಾ ನಾನ್ ನಿಂಗೆ ಕಲ್ಸಿದ್ದು? ಬೇರೆಯವರ ಬಟ್ಟೇಲೂ ಹೀಗೇ ಮಾಡ್ತೀಯಾ?"

"ಇಲ್ಲ. ನಂದ್ರಲ್ಲಿ ಮಾತ್ರ."

ಅದಕ್ಕೆ ಅವಳಿಗೆ ಇನ್ನೂ ಸಿಟ್ಟು ಬಂತು. ದಪ್ಪಗಾದದ್ದಕ್ಕೆ ಒಂದು ಮಾತಾಡದವಳು ಇದಕ್ಕೆ ಊಟ ಬಿಟ್ಟಳು.

ಬುಧವಾರ, ಜೂನ್ 26

ಶುಕ್ರವಾರ ಹತ್ತು ಗಂಟೆ ಬಸ್ಸಿಗೆ ವಾಪಸ್ ಹೋಗುತ್ತಾಳಂತೆ. ಇವಳ ಕೈಲೇ ಟಿಕೆಟ್ ಮಾಡಿಸಿದ್ದಾಳೆ.

"ಆಪರೇಷನ್?" ಅಂದೆ.

"ಬೇಡ ಬಿಡೋ. ನೀನ್ ಮಾಡಿದೀಯ, ಹಾಗಾದ್ರೆ ಆಗುತ್ತೆ ಅಂತ ನಂಬಿದ್ದೆ. ನಿನ್ ಕೈಲೇ ನಿಲ್ಲಲಿಲ್ಲ ಅಂದ್ಮೇಲೆ ಈ ವಯಸ್ಸಲ್ಲಿ ನನ್ ಕೈಲಿ ಏನಾಗುತ್ತೆ?"

ಸಿಟ್ಟಿನಿಂದ ಹೇಳಲಿಲ್ಲ. ಅದೇ ಕಷ್ಟ. ಶಾಸ್ತ್ರ ಹೇಳೋಕೆ, ಬದನೆಕಾಯಿ ತಿನ್ನೋಕೆ — ಬದನೆಕಾಯಿ ತಿಂದು ಕೂತವನು ನಾನು. ತೂಕ ನನ್ನದು, ನನ್ನ ಹೊಟ್ಟೆ, ನನ್ನ ಪಾಡು ಅಂದುಕೊಂಡಿದ್ದೆ. ನಾನು ತಿಂದದ್ದಕ್ಕೆ ಅವಳ ಮಂಡಿ ಹೋಗುತ್ತಿದೆ.

ಇವಳು ಅಡುಗೆಮನೆಗೆ ಕರೆದು, "ಉಳಿಸ್ಕೊಳ್ರೀ ಅವರನ್ನ" ಅಂದಳು. ಏನು ಹೇಳಿ ಉಳಿಸಿಕೊಳ್ಳಲಿ?

ಗುರುವಾರ, ಜೂನ್ 27

ದೊಡ್ಡ ಕತ್ತರಿ ಮನೆಯಲ್ಲಿ ಬಿಟ್ಟಿದ್ದೆ, ಹನ್ನೊಂದರ ಹೊತ್ತಿಗೆ ವಾಪಸ್ ಬಂದೆ. ಮೆಟ್ಟಿಲ ಮೇಲೆ ಧಪ್ ಅಂತ ಸದ್ದು. ನನ್ನ ಕಾಲ ಬಳಿ ಅಕ್ಕನ ಕೈಚೀಲ ಬಂದು ಬಿತ್ತು. ತಲೆ ಎತ್ತಿದೆ.

ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. ಸೀರೆಯನ್ನು ಮಂಡಿಗಳ ನಡುವೆ ಒತ್ತಿಕೊಂಡು, ಎರಡೂ ಕೈ ಊರಿ, ಕೂತಲ್ಲಿಂದಲೇ ಕೆಳಗಿನ ಮೆಟ್ಟಿಲಿಗೆ ಜಾರುತ್ತಿದ್ದಳು. ಪುಟ್ಟ ಮಕ್ಕಳು ಇಳಿಯುತ್ತಾರಲ್ಲ, ಹಾಗೆ. ನನ್ನನ್ನು ನೋಡಿ ಜಾರುವುದನ್ನು ನಿಲ್ಲಿಸಿದಳು.

"ನೋಡಿದ್ಯಾ? ಸರಿ, ನೋಡು. ಹತ್ತೋದು ಹೇಗೋ ಆಗುತ್ತೆ, ಇಳಿಯೋಕಾಗಲ್ಲ. ಅಲ್ಲಿ ನಮ್ಮನೇಲೂ ಹೀಗೇ. ಅಕ್ಕಪಕ್ಕದವರು ಕೆಲಸಕ್ಕೆ ಹೋದ್ಮೇಲೆ ಚೀಲ ಮೊದ್ಲು ಕೆಳಗೆ ಎಸ್ದು ಇಳೀತೀನಿ."

ಅಂದರೆ ಮೊನ್ನೆ ಅಂಗಡಿಗೆ ಬಂದದ್ದೂ ಹೀಗೇ. ನನಗೆ ಅಳು ಬಂತು, ಅತ್ತುಬಿಟ್ಟೆ. ಅವಳ ಪಕ್ಕ ಕೂರಲು ಹೋದೆ. ಗೋಡೆಗೂ ಕಂಬಿಗೂ ನಡುವೆ ನಾವಿಬ್ಬರೂ ಹಿಡಿಸಲಿಲ್ಲ. ಅಕ್ಕನಿಗೆ ನಗು ಬಂತು. ಬಂದ ಮೇಲೆ ಮೊದಲ ನಗು. ಒಂದು ಮೆಟ್ಟಿಲು ಕೆಳಗೆ ಕೂತೆ.

"ಮೊದಲ್ನೇ ಸಲ ಹೇಗೋ ಶುರು ಮಾಡ್ದೆ?"

"ನೆನಪಿಲ್ಲ ಅಕ್ಕ. ನಡುವೆ ಚೆನ್ನಾಗಿತ್ತು, ಅದು ನೆನಪಿದೆ. ಶುರು ನೆನಪಿಲ್ಲ."

"ಯಾಕ್ ಬಿಟ್ಟೆ?"

"ಗೊತ್ತಿಲ್ಲ."

"ಈಗ ಮತ್ತೆ ಆಗುತ್ತಾ ನಿನ್ ಕೈಲಿ?"

"ಅದೂ ಗೊತ್ತಿಲ್ಲ."

"ಮತ್ತೆ ನಿಂಗೆ ಗೊತ್ತಿರೋದೇನೋ ಮಹಾನುಭಾವ?"

ಉತ್ತರಕ್ಕೆ ಕಾಯದೆ ಅವಳೇ ಅಂದಳು. "ಬಸ್ಸು ಹತ್ತಕ್ಕೆ. ಬೆಳಿಗ್ಗೆ ಆರಕ್ಕೆ ಒಂದ್ ಸಲ ಆ ಮೈದಾನ ತೋರ್ಸು. ನಡಿಯಲ್ಲ. ಬರೀ ನೋಡ್ತೀನಿ."

"ತೋರಿಸ್ತೀನಿ" ಅಂದೆ. ಮೈದಾನ ನೋಡಿದರೆ ಅರ್ಧ ಸುತ್ತಾದರೂ ನಡೆಯುತ್ತಾಳೆ. ಅವಳನ್ನು ನಾನು ಬಲ್ಲೆ. ನಡೆದರೆ ಬಸ್ಸು ಹತ್ತುವುದಿಲ್ಲ. ಆದರೆ ನನ್ನನ್ನೂ ನಾನು ಬಲ್ಲೆ.

ಶುಕ್ರವಾರ, ಜೂನ್ 28 — ಬೆಳಿಗ್ಗೆ

ಎಚ್ಚರವಾಗಿದೆ. ಮಂಚದ ಮೇಲೆ ಕೂತಿದ್ದೇನೆ. ಇವಳು ನಿದ್ದೆ ಮಾಡುತ್ತಿದ್ದಾಳೆ, ಅಥವಾ ಮಾಡಿದ ಹಾಗೆ ನಟಿಸುತ್ತಿದ್ದಾಳೆ. ಮೈಯೆಲ್ಲ ಸೀಸದಷ್ಟು ಭಾರ. ರಾತ್ರಿ ಇದ್ದ ಮನಸ್ಸು ಬೆಳಿಗ್ಗೆ ಇಲ್ಲ. ಬರೆಯುತ್ತಾ ಕೂತರೆ ಬರಬಹುದು ಅಂತ ಇದನ್ನು ಹಿಡಿದುಕೊಂಡಿದ್ದೇನೆ. ಬರುತ್ತಿಲ್ಲ. ಏಳು ಅಂತ ಹೇಳಿಕೊಳ್ಳುತ್ತಿದ್ದೇನೆ, ಏಳುತ್ತಿಲ್ಲ. ಇಷ್ಟು ಸಣ್ಣ ಕೆಲಸ. ದೇವರಾಣೆ, ಇಷ್ಟು ಸಣ್ಣ ಕೆಲಸ.

ಆರಾಯಿತು.

ಅಕ್ಕನ ಕೋಣೆಯ ಬಾಗಿಲು ತೆರೆಯಿತು. ಗೋಡೆ ಹಿಡಿದು ಬರುತ್ತಿದ್ದಾಳೆ, ಬಳೆ ಗೋಡೆಗೆ ತಾಗುತ್ತಿದೆ. ನಮ್ಮ ಬಾಗಿಲ ಮುಂದೆ ನಿಂತಳು. ಕೂಗುತ್ತಿಲ್ಲ. ಕೂಗಿದ್ದರೆ ನಿದ್ದೆಯಲ್ಲಿದ್ದೇನೆ ಅಂತ ಸುಮ್ಮನಿರಬಹುದಿತ್ತು.

ಹೋದಳು. ಮುಂಬಾಗಿಲ ಚಿಲಕ.

ಚೀಲ ಬಿದ್ದ ಸದ್ದು. ಒಬ್ಬಳೇ ಹೊರಟಿದ್ದಾಳೆ. ಮೈದಾನದ ದಾರಿಯೂ ಗೊತ್ತಿಲ್ಲ ಅವಳಿಗೆ. ಒಂದು ಮೆಟ್ಟಿಲು… ಇನ್ನೊಂದು…

ತಾಳು ಅಕ್ಕಾ, ಒಬ್ಬಳೇ ಇಳೀಬೇಡ, ಬಂದೆ—